ಕಳವಳದ ಹೊತ್ತಿನ ಪ್ರಾರ್ಥನೆ: ಕೀರ್ತನೆಗಳಿಂದ ಆಸ್ಪತ್ರೆಯ ವಾರ್ಡಿನವರೆಗೆ

ಕಳವಳಗೊಂಡ ಕ್ರೈಸ್ತರಿಗೆ ಸಭೆಯಲ್ಲಿ ಸಿಗುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ಚಿಂತೆ ಬಿಡು, ಪ್ರಾರ್ಥನೆ ಮಾಡು. ಪೌಲನು ಫಿಲಿಪ್ಪಿಯರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯವೇ ಇದಕ್ಕೆ ಆಧಾರ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಪ್ರಾರ್ಥಿಸಿದ ಮೇಲೂ ಎದೆಬಡಿತ ಇಳಿಯದವರಿಗೆ ಆ ಮಾತೇ ಇನ್ನೊಂದು ಹೊರೆಯಾಗುತ್ತದೆ. ನನ್ನ ವಿಶ್ವಾಸದಲ್ಲೇ ಏನೋ ಕೊರತೆಯಿದೆ ಎಂಬ ಅಂಜಿಕೆ ಒಳಗೆ ಕೂರುತ್ತದೆ. ಪ್ರಾರ್ಥನೆಯಲ್ಲಿ ಪಳಗಿದ ಹಿರಿಯರು ಈ ವಿಷಯದಲ್ಲಿ ಇಷ್ಟು ಅವಸರದ ಮಾತಾಡಿದ್ದು ಕಡಿಮೆ.

ಮೊದಲ ಪಾಠ ಇಸ್ರಾಯೇಲರ ಕೀರ್ತನೆಗಳದ್ದು. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮೊರೆಯ, ಗೋಳಿನ ಕೀರ್ತನೆಗಳು. 13ನೆಯದು ಇನ್ನೆಷ್ಟು ಕಾಲ ಎಂದು ನಾಲ್ಕು ಸಲ ದೇವರನ್ನೇ ಕೇಳಿ, ಆಮೇಲೆ ಭರವಸೆಯ ಕಡೆ ಹೊರಳುತ್ತದೆ. 88ನೆಯದು ಹೊರಳುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಆರಾಧನೆಯ ಹಾಡುಗಳ ನಡುವೆಯೇ ಉಳಿಸಿಕೊಂಡರು. ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ಒಂದೇ ಬೇಡಿಕೆಯನ್ನು ಮೂರು ಸಲ ತಂದೆಯ ಮುಂದಿಟ್ಟರು. ಜೊತೆಯಲ್ಲಿ ಎಚ್ಚರವಾಗಿರಿ ಎಂದು ಶಿಷ್ಯರನ್ನೂ ಕೇಳಿಕೊಂಡರು. ಪೌಲನಾದರೂ ಫಿಲಿಪ್ಪಿಯರಿಗೆ ಬರೆದದ್ದು ಸೆರೆಯಿಂದ. ಸಭೆಗಳೆಲ್ಲದರ ಚಿಂತೆ ದಿನವೂ ತನ್ನನ್ನು ಒತ್ತುತ್ತದೆಂದು ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಅವನೇ ಒಪ್ಪಿಕೊಂಡಿದ್ದಾನೆ.

ನಾಲ್ಕನೇ ಶತಮಾನದ ಈಜಿಪ್ಟಿನ ಮರುಭೂಮಿಯಲ್ಲಿ ಈ ಮೊರೆಗೆ ಒಂದು ಅಭ್ಯಾಸಕ್ರಮ ಬಂತು. ಸನ್ಯಾಸಿ ಇವಾಗ್ರಿಯಸ್ ಮನಸ್ಸನ್ನು ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ. ದುಃಖವೂ ಬೇಸರವೂ ಆ ಪಟ್ಟಿಯಲ್ಲಿದ್ದವು. ಒಂದೊಂದಕ್ಕೂ ಎದುರುತ್ತರವಾಗಿ ಹೇಳಿಕೊಳ್ಳಲು ಸತ್ಯವೇದದಿಂದ ನೂರಾರು ವಚನಗಳನ್ನು ಆರಿಸಿಕೊಟ್ಟ. ಅದೇ ಮರುಭೂಮಿಯಲ್ಲಿ ಕಲಿತು ಮಾರ್ಸೇಗೆ ಹೋಗಿ ನೆಲೆಸಿದ ಜಾನ್ ಕ್ಯಾಸಿಯನ್ ಇದನ್ನು ಇನ್ನೂ ಹಗುರ ಮಾಡಿದ. 70ನೇ ಕೀರ್ತನೆಯ ಮೊದಲ ವಚನ, ಬೇಗ ಬಂದು ಸಹಾಯಮಾಡು ಎಂದು ದೇವರನ್ನು ಕೂಗುವ ಒಂದೇ ಸಾಲು, ಎಲ್ಲ ಸ್ಥಿತಿಗೂ ಸಾಕೆಂದು ಹೇಳಿದ. ಬೆನೆಡಿಕ್ಟರ ಮಠಗಳಲ್ಲಿ ಇಂದಿಗೂ ಹೊತ್ತುಹೊತ್ತಿನ ಪ್ರಾರ್ಥನೆ ಶುರುವಾಗುವುದು ಆ ವಚನದಿಂದ. ಪೂರ್ವದ ಸಭೆಗಳಲ್ಲಿ ಬೆಳೆದ ಯೇಸುನಾಮದ ಜಪವೂ ಇದೇ ದಾರಿಯದು. ಭಯ ಹತ್ತಿದವರ ಬಾಯಿಗೆ ಉದ್ದನೆಯ ಪ್ರಾರ್ಥನೆ ಬರುವುದಿಲ್ಲ ಎಂಬುದು ಈ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು.

ಮಾರ್ಟಿನ್ ಲೂಥರನ ಹತ್ತಿರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅವನು ಕಳವಳವನ್ನು ಮೈಮೇಲೆ ಅನುಭವಿಸಿದವನು. ತನ್ನ ಕ್ಷೌರಿಕ ಪೀಟರನಿಗೆ ಪ್ರಾರ್ಥಿಸುವುದು ಹೇಗೆಂದು ತಿಳಿಸಲು 1535ರಲ್ಲಿ ಒಂದು ಪುಟ್ಟ ಪುಸ್ತಕ ಬರೆದ. ಮನಸ್ಸು ಒಣಗಿದಾಗ ತಾನು ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೋ, ಜನ ಸೇರಿರುವ ದೇವಾಲಯಕ್ಕೋ ಹೋಗುತ್ತೇನೆಂದು ಅದರಲ್ಲಿ ಹೇಳುತ್ತಾನೆ. ದಶಾಜ್ಞೆಗಳಲ್ಲಿ ಒಂದನ್ನು ತೆಗೆದುಕೊಂಡು ಅದರಿಂದ ಬೋಧೆ, ಕೃತಜ್ಞತೆ, ಪಾಪನಿವೇದನೆ, ಬೇಡಿಕೆ ಎಂಬ ನಾಲ್ಕು ಎಳೆಗಳನ್ನು ಹೆಣೆಯುವುದು ಅವನ ಕ್ರಮ. ಒಳ್ಳೆಯ ಕ್ಷೌರಿಕನ ಕಣ್ಣು ಕತ್ತಿಯ ಮೇಲೂ ಕೂದಲಿನ ಮೇಲೂ ನೆಟ್ಟಿರುವ ಹಾಗೆ ಗಮನವಿಡು ಎಂದು ಪೀಟರನ ಕಸುಬಿನಿಂದಲೇ ಬುದ್ಧಿ ಹೇಳಿದ. ಖಿನ್ನತೆಯಲ್ಲಿದ್ದ ಹೀರೊನಿಮಸ್ ವೆಲರನಿಗೆ 1530ರಲ್ಲಿ ಬರೆದದ್ದೂ ಗಮನಾರ್ಹ: ಒಂಟಿಯಾಗಿರಬೇಡ, ಜನರೊಡನೆ ಸೇರು, ಆಟವಾಡು. 1546ರಲ್ಲಿ, ಸಾಯುವ ಕೆಲವೇ ದಿನಗಳ ಮುಂಚೆ, ತನ್ನ ಬಗ್ಗೆ ಹಗಲಿರುಳು ಚಿಂತಿಸುತ್ತಿದ್ದ ಹೆಂಡತಿ ಕ್ಯಾಥರೀನಾಗೆ ಐಸ್ಲೆಬೆನ್‌ನಿಂದ ಅಕ್ಕರೆಯ ಪತ್ರಗಳನ್ನು ಬರೆದ.

ಮುಂದಿನ ಮೂರು ಶತಮಾನಗಳಲ್ಲಿ ಆತ್ಮಕಥನಗಳೂ ಭಕ್ತಿಗೀತೆಗಳೂ ಹೆಚ್ಚಿದವು. ಅವುಗಳಲ್ಲಿ 1666ರ ಜಾನ್ ಬನ್ಯನ್ ಕಥನ ತನ್ನ ಭಯಗಳನ್ನು ಬಚ್ಚಿಡದ ಪ್ರಾಮಾಣಿಕತೆಗಾಗಿ ಈಗಲೂ ಓದಬೇಕಾದದ್ದು.

ದೊಡ್ಡ ತಿರುವು ಬಂದದ್ದು ಅಮೆರಿಕದ ಆಸ್ಪತ್ರೆಗಳಲ್ಲಿ. ಆಂಟನ್ ಬಾಯ್ಸೆನ್ ಎಂಬ ಪಾದ್ರಿ 1920ರಲ್ಲಿ ತಾನೇ ಮಾನಸಿಕ ಆಸ್ಪತ್ರೆಗೆ ದಾಖಲಾಗಿದ್ದವನು. ಗುಣಹೊಂದಿದ ಮೇಲೆ, 1925ರಲ್ಲಿ, ವುಸ್ಟರ್ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ರೋಗಿಗಳ ಪಕ್ಕದಲ್ಲೇ ತರಬೇತಿ ಆರಂಭಿಸಿದ. ಪುಸ್ತಕವನ್ನು ಓದುವಷ್ಟೇ ಶ್ರದ್ಧೆಯಿಂದ ನೊಂದ ಮನುಷ್ಯನ ಬಾಳನ್ನೂ ಓದಬೇಕೆಂಬುದು ಅವನ ನಿಲುವು. ಆಸ್ಪತ್ರೆಗಳಲ್ಲಿ ರೋಗಿಗಳ ಆತ್ಮಿಕ ಆರೈಕೆ ಮಾಡುವ ಚಾಪ್ಲಿನ್‌ಗಳಿಗೆ ಇಂದು ಸಿಗುವ ತರಬೇತಿಯ ಬೇರು ಅಲ್ಲಿದೆ.

ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಜೊತೆಗಾರರು 1988ರಲ್ಲಿ ಭಕ್ತರು ಕಷ್ಟವನ್ನು ಎದುರಿಸುವ ಮೂರು ರೀತಿಗಳನ್ನು ಗುರುತಿಸಿದರು: ಎಲ್ಲವನ್ನೂ ತಾವೇ ಹೊರುವುದು, ಎಲ್ಲವನ್ನೂ ದೇವರಿಗೆ ಬಿಟ್ಟು ಸುಮ್ಮನಿರುವುದು, ದೇವರ ಜೊತೆಗೂಡಿ ದುಡಿಯುವುದು. 2005ರಲ್ಲಿ 49 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ವಿಶ್ಲೇಷಣೆಯೊಂದರಲ್ಲಿ, ದೇವರಲ್ಲಿ ಆಸರೆ ಕಾಣುವ ಭಕ್ತಿಯ ಜೊತೆ ನೆಮ್ಮದಿಯೂ, ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆಂಬ ಭಾವದ ಜೊತೆ ಹೆಚ್ಚಿನ ಕಳವಳವೂ ಕಂಡುಬಂದವು. ಚಿಂತೆಯನ್ನು ಪಾಪವೆಂದು ಗದರಿಸುವ ಬೋಧಕರು ಇದನ್ನು ಓದಬೇಕು.

ಕನ್ನಡದಲ್ಲಿ ಇಡೀ ಸತ್ಯವೇದ 1831ರಲ್ಲೇ ಬಳ್ಳಾರಿಯಲ್ಲಿ ಅಚ್ಚಾಯಿತು. ಹಾಗಾಗಿ ಆ ಗೋಳಿನ ಕೀರ್ತನೆಗಳು ನಮ್ಮ ಮಾತಿನಲ್ಲಿ ಸಿಕ್ಕು ಎರಡು ಶತಮಾನ ಸಮೀಪಿಸುತ್ತಿದೆ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರದ ನೊವೇನಕ್ಕೆಂದು ಬರುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಅದೇ ಊರಿನಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಇದೆ. ಮೇಣದಬತ್ತಿ ಹಚ್ಚಿ ಬಂದವರು ಆ ಆಸ್ಪತ್ರೆಯಲ್ಲೂ ಸರದಿಗೆ ನಿಲ್ಲುವುದರಲ್ಲಿ ಅವಿಶ್ವಾಸವೇನೂ ಇಲ್ಲ. ಆದರೂ ನಮ್ಮ ಪ್ರಾರ್ಥನಾಕೂಟಗಳಲ್ಲಿ ಸಕ್ಕರೆ ಕಾಯಿಲೆಗೆ, ಸಾಲಕ್ಕೆ, ಮಕ್ಕಳ ಪರೀಕ್ಷೆಗೆ ಪ್ರಾರ್ಥಿಸಿರೆಂದು ಎದ್ದು ನಿಂತು ಕೇಳುವವರು ಗಾಬರಿಯ ಕಾಯಿಲೆಯ ಹೆಸರೆತ್ತಲು ಹಿಂಜರಿಯುತ್ತಾರೆ. ಅದಕ್ಕೆ ಮಾತ್ರೆ ನುಂಗುತ್ತಿರುವುದನ್ನು ಫಾದರಿಗೂ ಪಾಸ್ಟರಿಗೂ ಹೇಳುವುದಿಲ್ಲ. ಸಭಾಪಾಲಕರೇ ಭಾನುವಾರದ ಮಧ್ಯಸ್ಥಿಕೆಯ ಪ್ರಾರ್ಥನೆಯಲ್ಲಿ ಆ ಕಾಯಿಲೆಯ ಹೆಸರು ಹೇಳಲಿ, ವರ್ಷಕ್ಕೊಮ್ಮೆಯಾದರೂ 88ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿಸಲಿ, ಡಾಕ್ಟರ ಬಳಿಗೆ ಹೋಗುವವರ ಜೊತೆಗೆ ಸಭೆಯ ಒಬ್ಬರನ್ನು ಕಳಿಸಲಿ.