ಜಟ್ಟಿಯ ಮೀಸೆ

'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಸೋಲನ್ನು ಒಪ್ಪಲಾರದವನನ್ನು ಹಾಸ್ಯಮಾಡುವ ಮಾತು ಅದು. ಕಳೆದ ವರ್ಷ ನಮ್ಮ ಲಕ್ಷ್ಮೀನಗರದ ಹುಡುಗನೊಬ್ಬ ಕರಾಟೆ ಸ್ಪರ್ಧೆಯಲ್ಲಿ ಸೋತುಬಂದ. ಅವನು ಸುಮ್ಮನಿದ್ದ, ತೀರ್ಪೇ ಸರಿಯಿಲ್ಲವೆಂದು ಹೇಳಿಕೊಟ್ಟವರು ಹಿರಿಯರಾದ ನಾವು. ಮರುವಾರದಿಂದ ಅವನು ಕಲಿಯಲು ಹೋಗುವುದನ್ನೇ ಬಿಟ್ಟ. ಆಗ ಈ ಗಾದೆ ನಮಗೇ ಚುಚ್ಚಿತು. ನಿಜವಾದ ಜಟ್ಟಿಗಳೂ ಹೀಗೆಯೇ ಇದ್ದರೇ?

ಜಟ್ಟಿ ಎಂದರೆ ಕುಸ್ತಿಪಟು ಎಂಬುದು ಸಾಮಾನ್ಯ ಅರ್ಥ. ಮೈಸೂರು ಸೀಮೆಯಲ್ಲಿ ಅದು ಒಂದು ಜನಾಂಗದ ಹೆಸರೂ ಹೌದು. ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ದರ್ಜೆ, ಆಹಾರ, ಅಭ್ಯಾಸಗಳನ್ನು ವಿವರಿಸಿದ್ದಾನೆ. ಮೇಲ್ದರ್ಜೆಯವರನ್ನು 'ಜ್ಯೇಷ್ಠಿಕ'ರೆಂದು ಕರೆದಿದ್ದಾನೆ. ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರ ಕುಲದೇವತೆ ನಿಂಬಜಾದೇವಿ. ಮೈಸೂರಿನ ಜಟ್ಟಿಗಳು ಪೂಜಿಸುವವಳೂ ಅವಳೇ. ಅವರ ಪೂರ್ವಿಕರು ಆ ಕಡೆಯಿಂದ ಬಂದವರೆಂಬ ನಂಬಿಕೆಯಿದೆ. ಹಾಗಾದರೆ ನಮ್ಮಂತೆ ಅವರೂ ಊರು ಬಿಟ್ಟು ಬಂದವರೇ. ದೇವಿಯನ್ನೂ ವಿದ್ಯೆಯನ್ನೂ ಮಾತ್ರ ಬಿಡಲಿಲ್ಲ.

ವಿಜಯನಗರದ ಮಹಾನವಮಿಯಲ್ಲಿ ಮಲ್ಲಕಾಳಗ ದೊಡ್ಡ ಆಕರ್ಷಣೆ. ಸುಮಾರು 1535ರಲ್ಲಿ ಬರೆದ ಪೋರ್ಚುಗೀಸ ನೂನಿಜ್, ಮೊನೆಗಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುವ ಸಾವಿರ ಮಲ್ಲರನ್ನು ವರ್ಣಿಸುತ್ತಾನೆ. ಅವನು ಹೇಳುವ ಒಂದು ಸಂಗತಿ ನಮ್ಮನ್ನು ತಡೆದು ನಿಲ್ಲಿಸಿತು. ರಾಜನ ರೇಷ್ಮೆವಸ್ತ್ರದ ಉಡುಗೊರೆ ಸಲ್ಲುತ್ತಿದ್ದದ್ದು ಹೆಚ್ಚು ಗಾಯಗೊಂಡವನಿಗಂತೆ! ಪೆಟ್ಟು ತಿಂದು ನಿಂತವನಿಗೂ ಮಾನವಿತ್ತು.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಿಜಯದಶಮಿಯ ದಿನ ವಜ್ರಮುಷ್ಟಿ ಕಾಳಗ ನಡೆಯುವ ಪದ್ಧತಿ ಇಂದಿಗೂ ಉಳಿದಿದೆ. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರುಗಳ ಜಟ್ಟಿಗಳು ತಲೆ ಬೋಳಿಸಿ, ನೆತ್ತಿಯಲ್ಲಿ ಜುಟ್ಟು ಬಿಟ್ಟು, ಬಲಗೈ ಬೆರಳಿಗೆ ಮೊನಚಾದ ಮುಷ್ಟಿಯಾಯುಧ ತೊಟ್ಟು ಇಳಿಯುತ್ತಾರೆ. ವಾರಗಟ್ಟಲೆ ತಾಲೀಮು, ಕಾಳಗ ಮಾತ್ರ ಕ್ಷಣಗಳದ್ದು. ಒಬ್ಬನ ತಲೆಯಿಂದ ಮೊದಲ ರಕ್ತದ ಹನಿ ಚಿಮ್ಮಿದೊಡನೆ ಹಿರಿಯರು ಬಿಡಿಸುತ್ತಾರೆ. ಎರಡನೆಯ ಪೆಟ್ಟಿಲ್ಲ. ಹೊಡೆಯುವುದಕ್ಕಿಂತ, ಎತ್ತಿದ ಕೈಯನ್ನು ತಡೆಯುವುದೇ ಅಲ್ಲಿಯ ಕಠಿಣ ಪಾಠವೆಂದು ನಮಗೆ ತೋರುತ್ತದೆ.

ಈ ವಿದ್ಯೆಗೆ ಕಪ್ಪು ಮುಖವೂ ಉಂಟು. ಟಿಪ್ಪುವಿನ ಕಾಲದಲ್ಲಿ ಜಟ್ಟಿಗಳನ್ನು ಮರಣದಂಡನೆ ಜಾರಿಗೊಳಿಸಲು ಬಳಸಿಕೊಂಡ ದಾಖಲೆಗಳಿವೆ. ತೋಳ್ಬಲ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಇದೇ ಜಟ್ಟಿಗಳು ಮುರಿದ ಮೂಳೆ, ಉಳುಕಿದ ಕೀಲು ಸರಿಪಡಿಸುವುದರಲ್ಲಿ ನಿಸ್ಸೀಮರೆಂದು ಹೆಸರಾದವರು. ಕೀಲು ತಪ್ಪಿಸುವ ಮರ್ಮ ಬಲ್ಲವನಿಗೆ ಕೂಡಿಸುವ ಮರ್ಮವೂ ತಿಳಿದಿತ್ತು. ಯಾವುದಕ್ಕೆ ಕೈ ಹಚ್ಚಬೇಕೆಂಬುದು ಮನಸ್ಸಿನ ಮಾತು. ಸಾಧನೆ ಬೇಕಾದದ್ದು ಅದಕ್ಕೇ.

ನಮ್ಮ ಗರಡಿಮನೆಯೂ ಈ ನಾಗಪುರದ ಸೀಮೆಯ ಆಖಾಡವೂ ಒಂದೇ ಬಳ್ಳಿಯ ಕಾಯಿಗಳು. ಎರಡರಲ್ಲೂ ಮೊದಲು ಹನುಮಂತನಿಗೆ ನಮಸ್ಕಾರ, ಆಮೇಲೆ ಮೈಗೆ ಮಣ್ಣು. ಎದುರಾಳಿ ಕೆಡಹುವ ಮೊದಲೇ ನಾವಾಗಿ ಮಣ್ಣು ಬಳಿದುಕೊಂಡರೆ, ಮೀಸೆ ಮಣ್ಣಾಯಿತೆಂಬ ನಾಚಿಕೆಗೆ ಎಡೆಯೆಲ್ಲಿ? ಗಾದೆ ಗೇಲಿಮಾಡಿದ್ದು ಗರಡಿಯ ಈ ಮೊದಲ ಪಾಠವನ್ನೇ ಮರೆತ ಜಟ್ಟಿಯನ್ನು.

ಕರಾಟೆಯಾಗಲಿ, ಕುಸ್ತಿಯಾಗಲಿ, ಮಕ್ಕಳು ಕಲಿಯಲಿ. ಪದಕ ಬಂದರೆ ಸಂತೋಷ. ಸೋತುಬಂದ ದಿನ ತೀರ್ಪುಗಾರರನ್ನು ಹಳಿಯದೆ, ಮೈಮೇಲಿನ ಧೂಳನ್ನು ಅವರೇ ಕೊಡವಿಕೊಳ್ಳಲು ಬಿಡುವ ತಾಳ್ಮೆಯನ್ನು ಹೆತ್ತವರೂ ಹಿರಿಯರೂ ಆದ ನಾವು ಕಲಿಯಬೇಕಾಗಿದೆ. ಆ ಹುಡುಗನ ಮನೆಗೆ ಹೋಗಿ ನಮ್ಮ ಮಾತು ತಪ್ಪಾಯಿತೆಂದು ಹೇಳುವುದು ಇನ್ನೂ ಬಾಕಿಯಿದೆ. ಮಣ್ಣಾದ ಮೀಸೆ ಸದ್ಯಕ್ಕೆ ನಮ್ಮದು.