ಚಾವಡಿಯ ಮುಂದಿನ ಬಿಸಿಲು

ನಾನು ಮದ್ರಾಸಿಗೆ ವರ್ಗವಾಗಿ ಬಂದದ್ದು 1994ರಲ್ಲಿ. ನಿವೃತ್ತಿಯಾದ ಮೇಲೂ ಇಲ್ಲೇ ಉಳಿದುಬಿಟ್ಟೆ. ಬೆಳಗಿನ ವಾಕಿಂಗು ಮೆರೀನಾದಲ್ಲಿ. ಸಮುದ್ರಕ್ಕೆ ಎದುರಾಗಿ ಎತ್ತರದ ಕಂಬಗಳ ಬಿಳಿ ಕಟ್ಟಡವಿದೆ, ತಮಿಳುನಾಡು ಪೊಲೀಸರ ಮುಖ್ಯ ಕಚೇರಿ. ಅದನ್ನು ಕಂಡಾಗಲೆಲ್ಲ ಹಡಗಲಿ ಸೀಮೆಯ ನನ್ನ ಅಜ್ಜಿ ನೆನಪಾಗುತ್ತಾಳೆ.

“ನಮ್ಮ ಮುತ್ಯಾನ ಅಪ್ಪನ್ನ ಕಂದಾಯ ಕಟ್ಟಿಲ್ಲಂತ ಚಾವಡಿ ಮುಂದ ಬಿಸಿಲಾಗ ಬಗ್ಗಿಸಿ ನಿಂದರಿಸಿದ್ರಂತ, ಬೆನ್ನ ಮ್ಯಾಲೆ ಕಲ್ಲು ಬ್ಯಾರೆ” ಅನ್ನುತ್ತಿದ್ದಳು. ಮಕ್ಕಳನ್ನು ಹೆದರಿಸಲು ಕಟ್ಟಿದ ಕಥೆ ಅಂದುಕೊಂಡಿದ್ದೆ.

ಕಥೆಯಲ್ಲ. ನಮ್ಮ ಬಳ್ಳಾರಿ ಜಿಲ್ಲೆ 1953ರವರೆಗೂ ಮದ್ರಾಸಿಗೇ ಸೇರಿತ್ತಲ್ಲ. ಈ ಪ್ರಾಂತ್ಯದ ಹಳ್ಳಿಗಳಲ್ಲಿ ಕಂದಾಯಕ್ಕಾಗಿ ಚಿತ್ರಹಿಂಸೆ ನಡೆಯುತ್ತಿದೆ ಎಂದು 1854ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಗದ್ದಲವಾಗಿ, ಮೂವರ ಆಯೋಗ ಕೂತಿತು. ವರದಿ ಬಂದದ್ದು 1855ರಲ್ಲಿ. ಎರಡು ಸಾವಿರದ ಹತ್ತಿರ ದೂರುಗಳು! ಬಿಸಿಲಿಗೆ ನಿಲ್ಲಿಸುವುದು, ಅನ್ನನೀರು ತಪ್ಪಿಸುವುದು, ಬೆರಳುಗಳನ್ನು ಕಿಟ್ಟಿಯಲ್ಲಿಟ್ಟು ಹಿಂಡುವುದು, ಕತ್ತು ಬಗ್ಗಿಸಿ ಕಾಲಿಗೆ ಕಟ್ಟುವುದು. ಅಜ್ಜಿ ಹೇಳಿದ್ದೆಲ್ಲ ಅದರಲ್ಲಿತ್ತು. 1857ರಲ್ಲಿ ಕಾರ್ಲ್ ಮಾರ್ಕ್ಸ್ ಕೂಡ ಅಮೆರಿಕದ ಪತ್ರಿಕೆಯೊಂದಕ್ಕೆ ಈ ವರದಿಯ ಬಗ್ಗೆ ಬರೆದ.

ಆಗ ತಹಸೀಲ್ದಾರನೇ ಕಂದಾಯ ವಸೂಲಿಗಾರ, ಪೊಲೀಸ್ ಅಧಿಕಾರವೂ ಅವನದೇ. ಊರಿನ ತಳವಾರ ಅವನ ಕೈಕೆಳಗಿನವನು. ಹೊಡೆಸಿದವನ ಮೇಲೆ ದೂರು ಹೇಳಲು ಹೊಡೆಸಿದವನ ಬಾಗಿಲಿಗೇ ಹೋಗಬೇಕು. ಬ್ಯಾಂಕಿನ ಮಾತಲ್ಲಿ ಹೇಳುವುದಾದರೆ, ವೋಚರ್ ಬರೆದವನೇ ಪಾಸ್ ಮಾಡಿ, ದುಡ್ಡನ್ನೂ ಎಣಿಸಿ, ಕಡೆಗೆ ತಾನೇ ಆಡಿಟ್ ಮಾಡಿದ ಹಾಗೆ. ತಪ್ಪೆಲ್ಲ ದೇಶೀ ನೌಕರರದು, ಇಂಗ್ಲಿಷ್ ಅಧಿಕಾರಿಗಳದಲ್ಲ ಎಂದು ಆಯೋಗ ಬರೆಯಿತು. ಕಂದಾಯದ ಗುರಿ ಹಾಕಿದವರು ಯಾರೋ!

1859ರ 24ನೇ ಕಾಯ್ದೆಯಿಂದ ಪೊಲೀಸು ಬೇರೆ, ಕಂದಾಯ ಬೇರೆ ಆಯಿತು. ವಿಲಿಯಂ ರಾಬಿನ್ಸನ್ ಹೊಸ ಇಲಾಖೆಯ ಮೊದಲ ಮುಖ್ಯಸ್ಥ. ಎರಡೇ ವರ್ಷಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ ಪೊಲೀಸ್ ಕಾಯ್ದೆ ಬಂತು.

ಕಾಗದದ ಮೇಲೆ ಬೇರೆಯಾದದ್ದು ಊರಲ್ಲಿ ಬೇರೆಯಾಯಿತೇ? 1988ರಲ್ಲಿ ನಾನು ಹಳ್ಳಿಯ ಶಾಖೆಯೊಂದರಲ್ಲಿದ್ದೆ. ಸಾಲ ವಸೂಲಿಗೆ ಹೋಗುವಾಗ ಜೀಪಿನಲ್ಲಿ ಒಬ್ಬ ಪೇದೆಯನ್ನೂ ಕೂರಿಸಿಕೊಳ್ಳುತ್ತಿದ್ದೆವು. ಕಾನೂನಿನಲ್ಲಿ ಇರಲಿಲ್ಲ, ರೂಢಿಯಲ್ಲಿತ್ತು. ಪೇದೆ ಒಂದು ಮಾತೂ ಆಡುತ್ತಿರಲಿಲ್ಲ, ಬೀಡಿ ಸೇದುತ್ತ ಕೂತಿರುತ್ತಿದ್ದ, ಅಷ್ಟೇ. ಒಮ್ಮೆ ಎತ್ತಿನ ಸಾಲ ಬಾಕಿಯಿದ್ದ ಮುದುಕನೊಬ್ಬ ಜೀಪು ಕಂಡದ್ದೇ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಬೆನ್ನು ಬಗ್ಗಿಸಿ ಬಿಸಿಲಲ್ಲಿ ನಿಂತ. ನಿಲ್ಲು ಅಂತ ಯಾರೂ ಹೇಳಿರಲಿಲ್ಲ. ನಾನು ಬೇವಿನ ಮರದ ಕೆಳಗೆ ಕೂತು ಬಡ್ಡಿ ಲೆಕ್ಕ ಹಾಕುತ್ತಿದ್ದೆ. ಅರ್ಧ ಗಂಟೆಯಾದರೂ ಹಿಡಿದಿರಬೇಕು. ನೆರಳಿಗೆ ಬಾ ಯಜಮಾನ ಅನ್ನುವುದು ನನಗೆ ಹೊಳೆಯಲೇ ಇಲ್ಲ.