ಹೆನ್ರಿ ಫ್ಲಿಪರನ ಬಿನ್ನಹ: ಒಂದು ಸೈನಿಕ ಬಿಡುಗಡೆಯ ಪುನರ್ವಿಮರ್ಶೆ

ಸೇನೆಯನ್ನು ಬಿಟ್ಟುಬರುವ ಯೋಧನ ಕೈಗೆ ರಾಜ್ಯವು ಕೊಡುವ ಬಿಡುಗಡೆಯ ಪತ್ರವು ನೋಡುವುದಕ್ಕೆ ಒಂದು ಹಾಳೆ ಕಾಗದ ಮಾತ್ರ. ಆದರೆ ಅದರ ಮೇಲೆ ಬರೆದಿರುವ ಒಂದೆರಡು ಶಬ್ದಗಳು ಆತನ ಮುಂದಿನ ಬಾಳನ್ನೆಲ್ಲ ಆಳುವುದುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪತ್ರಗಳೊಳಗೆ ತರತಮಭಾವವಿದೆ. ಗೌರವಪೂರ್ವಕವಾದ ಬಿಡುಗಡೆಯು ಎಲ್ಲಕ್ಕೂ ಮೇಲಿನದು. ಅದರ ಕೆಳಗೆ ಸಾಮಾನ್ಯ ಬಿಡುಗಡೆ. ಇನ್ನೂ ಕೆಳಗೆ ಗೌರವಕ್ಕೆ ಕುಂದುಂಟುಮಾಡುವ ಬಿಡುಗಡೆ. ಸೈನಿಕ ನ್ಯಾಯಸ್ಥಾನದ ತೀರ್ಪಿನಿಂದಲೇ ಬರತಕ್ಕ ದುರ್ನಡತೆಯ ಮತ್ತು ಅಗೌರವದ ಬಿಡುಗಡೆಗಳು ಕಟ್ಟಕಡೆಯವು. ಅಧಿಕಾರಿಗಳ ವಿಷಯದಲ್ಲಿ ಈ ಕಡೆಯ ಸ್ಥಾನವನ್ನು ‘ವಜಾ’ ಎಂಬುದು ಆಕ್ರಮಿಸಿದೆ. ವಿದ್ಯಾಭ್ಯಾಸ, ವೈದ್ಯೋಪಚಾರ ಮೊದಲಾದ ಸೌಲಭ್ಯಗಳೂ ನೆರೆಹೊರೆಯವರ ನಡುವೆ ತಲೆಯೆತ್ತಿ ನಡೆಯುವ ಅಧಿಕಾರವೂ ಈ ತರತಮವನ್ನು ಅನುಸರಿಸುತ್ತವೆ.

ಕೆಳದರ್ಜೆಯ ಪತ್ರವನ್ನು ಪಡೆದವನು ಮೇಲ್ದರ್ಜೆಯದನ್ನು ಕೊಡಬೇಕೆಂದು ಕೇಳಿಕೊಳ್ಳಬಹುದೆ? ಕೇಳುವುದಾದರೆ ಯಾರನ್ನು? ಕೇಳಿದ್ದು ದೊರೆತ ಪಕ್ಷದಲ್ಲಿ ನಿಜವಾಗಿ ದೊರೆತುದೇನು? ಈ ಪ್ರಶ್ನೆಗಳ ವಿಚಾರಕ್ಕೆ ಹೆನ್ರಿ ಓಸಿಯನ್ ಫ್ಲಿಪರನ ವೃತ್ತಾಂತಕ್ಕಿಂತ ತಕ್ಕ ನಿದರ್ಶನವು ದುರ್ಲಭ. ಆತನ ವಜಾ ನಡೆದದ್ದು 1882ರಲ್ಲಿ. ಆ ವಿಷಯದಲ್ಲಿ ರಾಜ್ಯವು ಕಡೆಯ ಮಾತನ್ನಾಡಿದ್ದು 1999ರಲ್ಲಿ. ನಡುವೆ ಕಳೆದವು 117 ವರ್ಷಗಳು.

ಫ್ಲಿಪರನು 1856ನೆಯ ಇಸವಿಯ ಮಾರ್ಚ್ 21ರಂದು ಜಾರ್ಜಿಯ ಸಂಸ್ಥಾನದ ಥಾಮಸ್‌ವಿಲ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆತಾಯಿಗಳು ಆಫ್ರಿಕ ಮೂಲದ ಗುಲಾಮರಾಗಿದ್ದುದರಿಂದ ಆತನೂ ಹುಟ್ಟಿನಿಂದ ಗುಲಾಮನೇ. ತಂದೆಯು ಪಾದರಕ್ಷೆ ಹೊಲಿಯುವ ಕಸುಬಿನವನು. ಅಂತರ್ಯುದ್ಧವು ಮುಗಿದು ದಾಸ್ಯವು ಅಳಿದ ಮೇಲೆ ಬಾಲಕನು ಅಟ್ಲಾಂಟ ನಗರದಲ್ಲಿ ವ್ಯಾಸಂಗಮಾಡಿ, 1873ರಲ್ಲಿ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯವನ್ನು ಪ್ರವೇಶಿಸಿದನು. ಆತನಿಗಿಂತ ಮುಂಚೆ ಅಲ್ಲಿ ಸೇರಿದ್ದ ಕರಿಯ ವಿದ್ಯಾರ್ಥಿಗಳಲ್ಲಿ ಯಾರೂ ಕಡೆಯವರೆಗೆ ನಿಂತಿರಲಿಲ್ಲ. ಬಿಳಿಯ ಸಹಪಾಠಿಗಳು ಕೆಲಸವಿಲ್ಲದೆ ಆತನೊಡನೆ ಮಾತನಾಡುತ್ತಿರಲಿಲ್ಲ. ಈ ಏಕಾಂತವಾಸವನ್ನು ನಾಲ್ಕು ವರ್ಷ ಸಹಿಸಿ, 1877ರ ಜೂನ್ ತಿಂಗಳಲ್ಲಿ 76 ಮಂದಿಯ ತರಗತಿಯಲ್ಲಿ 50ನೆಯವನಾಗಿ ತೇರ್ಗಡೆಹೊಂದಿ, ಆ ವಿದ್ಯಾಲಯದಿಂದ ಹೊರಬಂದ ಪ್ರಥಮ ಕರಿಯ ಅಧಿಕಾರಿಯೆಂಬ ಹೆಸರನ್ನು ಫ್ಲಿಪರನು ಪಡೆದನು. ಮರುವರ್ಷವೇ ತನ್ನ ವಿದ್ಯಾರ್ಥಿಜೀವನವನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದನು.

ಆತನು ನಿಯುಕ್ತನಾದದ್ದು ಹತ್ತನೆಯ ಅಶ್ವದಳಕ್ಕೆ. ಆ ದಳದ ಸಿಪಾಯಿಗಳೆಲ್ಲರೂ ಕರಿಯರು, ಅಧಿಕಾರಿಗಳಾಗಿದ್ದವರು ಬಿಳಿಯರು. ಈಗಿನ ಓಕ್ಲಹೋಮ ಸಂಸ್ಥಾನಕ್ಕೆ ಸೇರಿದ ಫೋರ್ಟ್ ಸಿಲ್ ಎಂಬಲ್ಲಿ ನಿಂತ ನೀರಿನಿಂದ ಚಳಿಜ್ವರವು ಹಬ್ಬುತ್ತಿರಲು, ನೀರನ್ನು ಹರಿಯಿಸಿಬಿಡುವ ಕಾಲುವೆಯೊಂದನ್ನು ಫ್ಲಿಪರನು ತೋಡಿಸಿದನು. ‘ಫ್ಲಿಪರನ ಕಾಲುವೆ’ಯೆಂದು ಪ್ರಸಿದ್ಧವಾದ ಅದನ್ನು 1977ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು. 1880ರಲ್ಲಿ ಅಪಾಚಿ ನಾಯಕನಾದ ವಿಕ್ಟೋರಿಯೊವಿನ ಮೇಲೆ ನಡೆದ ದಂಡಯಾತ್ರೆಯಲ್ಲಿಯೂ ಆತನು ಸೇವೆಸಲ್ಲಿಸಿದನು.

ಟೆಕ್ಸಾಸ್ ಸಂಸ್ಥಾನದ ಫೋರ್ಟ್ ಡೇವಿಸ್ ಎಂಬ ಠಾಣೆಯಲ್ಲಿ ಫ್ಲಿಪರನಿಗೆ ಉಗ್ರಾಣದ ಅಧಿಕಾರವೂ ಅದಕ್ಕೆ ಸೇರಿದ ಹಣದ ಹೊಣೆಯೂ ಬಂದಿದ್ದುವು. 1881ರಲ್ಲಿ ಕರ್ನಲ್ ವಿಲಿಯಂ ಶಾಫ್ಟರನು ಠಾಣೆಯ ಮುಖ್ಯಾಧಿಕಾರಿಯಾಗಿ ಬಂದನು. ಉಗ್ರಾಣದ ಹಣವನ್ನು ಫ್ಲಿಪರನು ತನ್ನ ಬಿಡಾರದ ಪೆಟ್ಟಿಗೆಯಲ್ಲಿ ಇರಿಸಿಕೊಂಡಿದ್ದನು. ಲೆಕ್ಕವನ್ನು ನೋಡುವಲ್ಲಿ ಹಣವು ಕಡಮೆಬಿದ್ದುದು ಕಂಡುಬಂದಿತು. ಇಲ್ಲಿ ಫ್ಲಿಪರನ ನಡತೆಯು ನಿರ್ದುಷ್ಟವಾಗಿತ್ತೆಂದು ಹೇಳುವಂತಿಲ್ಲ. ಕೊರತೆಯನ್ನು ಮೇಲಿನವರಿಗೆ ಅರಿಕೆಮಾಡದೆ ಮುಚ್ಚಿಟ್ಟನು. ಹಣವನ್ನು ರವಾನಿಸಿರುವುದಾಗಿ ಸುಳ್ಳಾಡಿದನು. ತನ್ನ ಲೆಕ್ಕವೇ ಇಲ್ಲದ ಬ್ಯಾಂಕಿನ ಮೇಲೆ ಚೆಕ್ಕನ್ನು ಬರೆದನು. ಗ್ರಂಥದಿಂದ ಬರತಕ್ಕ ಹಣವು ಬಂದೊಡನೆ ಎಲ್ಲವೂ ಸರಿಹೋಗುವುದೆಂದು ಆತನು ನಂಬಿದ್ದನು. ಆಗಸ್ಟ್ ತಿಂಗಳಲ್ಲಿ ಆತನನ್ನು ಹಿಡಿದು, ಅಧಿಕಾರಿಗಳಿಗೆ ಸಲ್ಲುವ ಮರ್ಯಾದೆಯನ್ನು ತೋರಿಸದೆ, ಪಹರೆಮನೆಯ ಕಿರುಕೋಣೆಯೊಂದರಲ್ಲಿ ಕೂಡಿಹಾಕಿದರು. ಠಾಣೆಯ ಮತ್ತು ಊರಿನ ಸ್ನೇಹಿತರು ಹಣವನ್ನು ಕೂಡಿಸಿ ಕೊರತೆಯನ್ನು ಕೆಲವೇ ದಿನಗಳಲ್ಲಿ ತುಂಬಿಕೊಟ್ಟರು. ಹೀಗೆ ಸರಕಾರಕ್ಕೆ ಹಣದ ನಷ್ಟವೇನೂ ಉಳಿಯಲಿಲ್ಲ.

ವಿಚಾರಣೆಯು ಆ ವರ್ಷದ ಕಡೆಯಲ್ಲಿ ಸೈನಿಕ ನ್ಯಾಯಸ್ಥಾನದ ಮುಂದೆ ನಡೆಯಿತು. ಆಪಾದನೆಗಳು ಎರಡು. 3,791 ಡಾಲರು 77 ಸೆಂಟುಗಳನ್ನು ಅಪಹರಿಸಿದನೆಂಬುದು ಒಂದು; ಅಧಿಕಾರಿಗೂ ಸಭ್ಯಗೃಹಸ್ಥನಿಗೂ ಒಪ್ಪದ ನಡತೆಯನ್ನು ತೋರಿದನೆಂಬುದು ಮತ್ತೊಂದು. ಡಿಸೆಂಬರ್ 8ರಂದು ನ್ಯಾಯಸ್ಥಾನವು ಮೊದಲನೆಯದರಲ್ಲಿ ಆತನನ್ನು ನಿರ್ದೋಷಿಯೆಂದೂ ಎರಡನೆಯದರಲ್ಲಿ ದೋಷಿಯೆಂದೂ ನಿರ್ಣಯಿಸಿತು. ಆಗಿನ ಯುದ್ಧವಿಧಿಗಳಲ್ಲಿ 61ನೆಯದರ ಪ್ರಕಾರ ಈ ಎರಡನೆಯ ದೋಷಕ್ಕೆ ವಜಾ ಒಂದೇ ದಂಡ. ಅಪರಾಧದ ಹಿರಿಕಿರಿತನವನ್ನು ತೂಗಿ ದಂಡವನ್ನು ಇಳಿಸುವ ಸ್ವಾತಂತ್ರ್ಯವು ನ್ಯಾಯಾಧಿಪತಿಗಳಿಗಿರಲಿಲ್ಲ. ಅದು ಇದ್ದುದು ತೀರ್ಪನ್ನು ಸ್ಥಿರಪಡಿಸತಕ್ಕ ರಾಷ್ಟ್ರಾಧ್ಯಕ್ಷನಿಗೆ. ಸೇನೆಯ ನ್ಯಾಯವಿಭಾಗದ ಮುಖ್ಯಾಧಿಕಾರಿಯಾಗಿದ್ದ ಡೇವಿಡ್ ಸ್ವೇಮನು ದಾಖಲೆಗಳನ್ನು ಪರಿಶೀಲಿಸಿ, ದಂಡವನ್ನು ತಗ್ಗಿಸುವುದು ಯುಕ್ತವೆಂದು ಶಿಫಾರಸುಮಾಡಿದನು. ಅಧ್ಯಕ್ಷ ಚೆಸ್ಟರ್ ಆರ್ಥರನು ಅದನ್ನು ಅಂಗೀಕರಿಸದೆ ತೀರ್ಪನ್ನು ಇದ್ದಂತೆಯೇ ಸ್ಥಿರಪಡಿಸಿದನು. 1882ರ ಜೂನ್ 30ರಂದು ಫ್ಲಿಪರನು ಸೇನೆಯಿಂದ ಹೊರಬಿದ್ದನು. ಆಗ ಆತನ ವಯಸ್ಸು 26.

ಮುಂದಿನ ಐವತ್ತು ವರ್ಷಗಳ ಆತನ ಬಾಳು ಸೋತವನ ಬಾಳಲ್ಲ. ನೈರುತ್ಯದ ಗಡಿನಾಡುಗಳಲ್ಲಿ ಭೂಮಾಪಕನಾಗಿಯೂ ಗಣಿಗಳ ಎಂಜಿನಿಯರನಾಗಿಯೂ ಕೆಲಸಮಾಡಿದನು. ಸ್ಪ್ಯಾನಿಷ್ ಭಾಷೆಯನ್ನು ಚೆನ್ನಾಗಿ ಬಲ್ಲವನಾದುದರಿಂದ, ಮೆಕ್ಸಿಕೋ ದೇಶದ ಆಳ್ವಿಕೆಯ ಕಾಲದ ಭೂದಾನಗಳ ತಕರಾರುಗಳನ್ನು ತೀರ್ಮಾನಿಸುವ ನ್ಯಾಯಾಲಯದ ಕಾರ್ಯದಲ್ಲಿ ಸರಕಾರವು 1893ರಿಂದ ಆತನ ನೆರವನ್ನು ಪಡೆಯಿತು. ಆ ದೇಶಗಳ ಭೂಕಾನೂನುಗಳನ್ನು ಆತನು ಇಂಗ್ಲಿಷಿಗೆ ಭಾಷಾಂತರಿಸಿದನು. 1921ರಲ್ಲಿ ಸಂಯುಕ್ತ ಸಂಸ್ಥಾನಗಳ ಒಳನಾಡು ಖಾತೆಯ ಕಾರ್ಯದರ್ಶಿಯ ಸಹಾಯಕನೂ ಆದನು. ಸೇನೆಯು ನಂಬಿಕೆಗೆ ಅನರ್ಹನೆಂದು ಹೊರಹಾಕಿದ ವ್ಯಕ್ತಿಯ ಪ್ರಾಮಾಣ್ಯವನ್ನು ಅದೇ ಸರಕಾರದ ಬೇರೆ ಇಲಾಖೆಗಳು ಭೂಮಿಕಾಣಿಗಳ ವಿಷಯದಲ್ಲಿ ನೆಚ್ಚಿಕೊಂಡಿದ್ದುವೆಂಬುದು ಗಮನಾರ್ಹವಾಗಿದೆ.

ಹೀಗಿದ್ದರೂ ವಜಾದ ಕಲಂಕವನ್ನು ಆತನು ಮರೆಯಲಿಲ್ಲ. ಸೈನಿಕ ನ್ಯಾಯಸ್ಥಾನದ ತೀರ್ಪಿನ ಮೇಲೆ ಮರುವಿಚಾರಣೆಗೆ ಹೋಗುವ ದಾರಿಯು ಆ ಕಾಲದಲ್ಲಿರಲಿಲ್ಲ. ಉಳಿದದ್ದು ಒಂದೇ ಮಾರ್ಗ: ಕಾಂಗ್ರೆಸ್ಸೆಂಬ ಶಾಸನಸಭೆಯು ತನ್ನೊಬ್ಬನಿಗಾಗಿಯೇ ಒಂದು ಕಾನೂನನ್ನು ಮಾಡಬೇಕೆಂದು ಬೇಡುವುದು. 1898ರಲ್ಲಿ ಸ್ಪೇನಿನೊಡನೆ ಯುದ್ಧವು ಹತ್ತಿದಾಗ ಫ್ಲಿಪರನು ತನ್ನ ಸೇವೆಯನ್ನು ರಾಜ್ಯಕ್ಕೆ ಅರ್ಪಿಸಿದನು. ಆ ವರ್ಷವೇ ಆತನನ್ನು ಪೂರ್ವಪದವಿಯಲ್ಲಿ ನಿಲ್ಲಿಸುವ ಮಸೂದೆಯು ಮೊದಲ ಸಲ ಸಭೆಯ ಮುಂದೆ ಬಂದಿತು. ಅಂದಿನಿಂದ 1924ರವರೆಗೆ ಮತ್ತೆಮತ್ತೆ ಮಸೂದೆಗಳು ಬಂದುವು; ಒಂದಾದರೂ ಶಾಸನವಾಗಲಿಲ್ಲ. ಆತನ ಬಿನ್ನಹದ ಸ್ವರೂಪವನ್ನು ಇಲ್ಲಿ ನಿಷ್ಕೃಷ್ಟವಾಗಿ ತಿಳಿಯಬೇಕು. ಆತನು ಕ್ಷಮೆಯನ್ನು ಬೇಡಲಿಲ್ಲ. ಹೆಸರು ಮಾತ್ರ ಬದಲಾದ ಪತ್ರವೊಂದನ್ನೂ ಬೇಡಲಿಲ್ಲ. ಕಳೆದುಕೊಂಡ ಪದವಿಯನ್ನು ಮರಳಿ ಕೊಡಬೇಕೆಂಬುದೇ ಆತನ ಪ್ರಾರ್ಥನೆ. 1931ರಲ್ಲಿ ಅಟ್ಲಾಂಟದ ತನ್ನ ಸಹೋದರನ ಮನೆಗೆ ಬಂದು ನೆಲೆಸಿದ ಫ್ಲಿಪರನು 1940ರಲ್ಲಿ ತೀರಿಕೊಂಡನು.

ಆತನು ಬಯಸಿದ್ದ ಬಾಗಿಲು ತೆರೆದದ್ದು ಆತನು ಕಾಲವಾದ ನಾಲ್ಕಾರು ವರ್ಷಗಳೊಳಗೆ. ಎರಡನೆಯ ಮಹಾಯುದ್ಧದ ಯೋಧರಿಗೆ ಸೌಲಭ್ಯಗಳನ್ನು ಕಲ್ಪಿಸಿದ 1944ರ ಶಾಸನವು, ಬಿಡುಗಡೆಯ ಪತ್ರಗಳನ್ನು ಪುನಃ ಪರಿಶೀಲಿಸುವ ಮಂಡಲಿಗಳನ್ನು ಸ್ಥಾಪಿಸಿತು. 1946ರಲ್ಲಿ ಕಾಂಗ್ರೆಸ್ಸು ತನ್ನ ಕಾರ್ಯಕ್ರಮವನ್ನೇ ತಿದ್ದಿಕೊಂಡಾಗ, ಸೈನಿಕ ದಾಖಲೆಗಳನ್ನು ಸರಿಪಡಿಸಲು ವ್ಯಕ್ತಿಗೊಂದರಂತೆ ಮಸೂದೆ ತರುವ ಪದ್ಧತಿಯನ್ನು ನಿಲ್ಲಿಸಿ, ಆ ಅಧಿಕಾರವನ್ನು ಸೈನಿಕರಲ್ಲದ ಅಧಿಕಾರಿಗಳ ಮಂಡಲಿಗಳ ಮೂಲಕ ಆಯಾ ಖಾತೆಯ ಮುಖ್ಯಸ್ಥರಿಗೆ ವಹಿಸಿತು. ದಾಖಲೆಯಲ್ಲಿರುವ ತಪ್ಪನ್ನು ತಿದ್ದುವುದು ಮಾತ್ರವಲ್ಲದೆ ಅನ್ಯಾಯವನ್ನು ನಿವಾರಿಸುವುದೂ ಈ ಮಂಡಲಿಗಳ ಕೆಲಸ. ಬಿಡುಗಡೆಯ ಮಂಡಲಿಗೆ 15 ವರ್ಷಗಳೊಳಗೂ ದಾಖಲೆಯ ಮಂಡಲಿಗೆ ದೋಷವು ತಿಳಿದ 3 ವರ್ಷಗಳೊಳಗೂ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ನ್ಯಾಯದ ದೃಷ್ಟಿಯಿಂದ ಎರಡನೆಯ ಅವಧಿಯನ್ನು ಮಂಡಲಿಯು ಮನ್ನಿಸಬಹುದು. ಯೋಧನು ಮೃತನಾಗಿದ್ದರೆ ಆತನ ವಾರಸುದಾರರೂ ಕೇಳಿಕೊಳ್ಳಬಹುದು. ರಾಜಾನುಗ್ರಹವಾಗಿದ್ದುದು ಹೀಗೆ ವ್ಯವಹಾರವಾಯಿತು.

ಜಾರ್ಜಿಯದ ಶಾಲೋಪಾಧ್ಯಾಯರೊಬ್ಬರು ಹಳೆಯ ದಾಖಲೆಗಳನ್ನು ಶೋಧಿಸಿ ಫ್ಲಿಪರನ ಬಂಧುಗಳೊಡನೆ ಸೇರಿ ಅರ್ಜಿಯನ್ನು ಸಲ್ಲಿಸಿದರು. 1976ರಲ್ಲಿ ಸೇನೆಯ ದಾಖಲೆ ತಿದ್ದುವ ಮಂಡಲಿಯು ವಿಷಯವನ್ನು ಪರಿಶೀಲಿಸಿ, ದಂಡವು ಅತಿ ಕಠೋರವೂ ಅನ್ಯಾಯವೂ ಆಗಿತ್ತೆಂದು ಅಭಿಪ್ರಾಯಪಟ್ಟಿತು. ಆದರೆ ದೋಷನಿರ್ಣಯವನ್ನು ತಳ್ಳಿಹಾಕುವ ಅಧಿಕಾರವು ಮಂಡಲಿಗಿರಲಿಲ್ಲ. ಆದುದರಿಂದ ವಜಾದ ಸ್ಥಾನದಲ್ಲಿ ಗೌರವಪೂರ್ವಕವಾದ ಬಿಡುಗಡೆಯ ಪತ್ರವನ್ನು ನೀಡುವುದೊಂದೇ ಅದಕ್ಕೆ ಸಾಧ್ಯವಾಯಿತು. 94 ವರ್ಷಗಳ ಮೇಲೆ ಹೊರಟ ಆ ಪತ್ರದ ತಾರೀಖು 1882ರ ಜೂನ್ 30.

ಈ ನಿರ್ಣಯದ ಇತಿಮಿತಿಗಳು ಅದೇ ದಶಕದ ಮತ್ತೊಂದು ನಿರ್ಣಯದೊಡನೆ ಹೋಲಿಸಿದರೆ ಸ್ಪಷ್ಟವಾಗುತ್ತವೆ. 1906ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಊರಿನಲ್ಲಿ ನಡುರಾತ್ರಿ ಗುಂಡುಹಾರಿಸಿದವರು ಸಿಕ್ಕಲಿಲ್ಲವೆಂಬ ಕಾರಣದಿಂದ, 25ನೆಯ ಪದಾತಿದಳದ 167 ಮಂದಿ ಕರಿಯ ಸಿಪಾಯಿಗಳನ್ನು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ವಿಚಾರಣೆಯೇ ಇಲ್ಲದೆ ಒಂದೇ ಆಜ್ಞೆಯಿಂದ ಹೊರಹಾಕಿದನು. 1972ರಲ್ಲಿ ಸೇನಾಖಾತೆಯು ಇನ್ನೊಂದು ಆಜ್ಞೆಯಿಂದ ಅವರೆಲ್ಲರ ಬಿಡುಗಡೆಗಳನ್ನು ಗೌರವಪೂರ್ವಕವೆಂದು ಮಾರ್ಪಡಿಸಿತು. ಅಲ್ಲಿ ತೀರ್ಪೆಂಬುದೇ ಇರಲಿಲ್ಲವಾಗಿ, ಆಜ್ಞೆಯನ್ನು ಅಳಿಸಿದೊಡನೆ ಕಲಂಕವೂ ಅಳಿಯಿತು. ಫ್ಲಿಪರನಿಗಾದರೋ ವಿಚಾರಣೆಯಿತ್ತು, ಪರವಾದಿಯಿದ್ದನು, ಸಾಕ್ಷಿಗಳಿದ್ದರು. ಆ ಕಾರಣದಿಂದಲೇ ಆತನ ದೋಷನಿರ್ಣಯವು ಅಲುಗಾಡದೆ ಉಳಿಯಿತು. ನ್ಯಾಯದ ವಿಧಿಗಳನ್ನು ಕಂಡವನಿಗೆ, ಅವುಗಳನ್ನು ಕಾಣದವರಿಗಿಂತ ಕಡಮೆಯಾದ ಪರಿಹಾರವು ಲಭಿಸಿತೆಂಬುದು ವಿಚಿತ್ರವಾದರೂ ವಾಸ್ತವ. ಸೈನಿಕ ನ್ಯಾಯಸ್ಥಾನದ ತೀರ್ಪುಗಳಲ್ಲಿ ಮಂಡಲಿಯು ದಯೆಯಿಂದ ದಂಡವನ್ನು ಇಳಿಸಬಹುದೇ ಹೊರತು ನಿರ್ಣಯವನ್ನು ಕದಲಿಸಲಾಗದೆಂಬುದನ್ನು 1983ರ ಶಾಸನವು ಇನ್ನಷ್ಟು ಸ್ಫುಟಗೊಳಿಸಿತು.

ಉಳಿದಿದ್ದ ದೋಷನಿರ್ಣಯವನ್ನು ಮುಟ್ಟಲು ಇನ್ನೊಂದು ಅಧಿಕಾರವಿತ್ತು: ಅದು ಅಧ್ಯಕ್ಷನ ಕ್ಷಮಾಧಿಕಾರ. 1999ರ ಫೆಬ್ರವರಿ 19ರಂದು ಅಧ್ಯಕ್ಷ ಬಿಲ್ ಕ್ಲಿಂಟನನು ಫ್ಲಿಪರನ ಬಂಧುಗಳ ಸಮಕ್ಷದಲ್ಲಿ ಕ್ಷಮಾಪತ್ರಕ್ಕೆ ರುಜುಹಾಕಿ, ಅನ್ಯಾಯವು ನಡೆದುದನ್ನು ಒಪ್ಪಿಕೊಂಡನು. ಮರಣಾನಂತರ ಅಮೆರಿಕದ ಅಧ್ಯಕ್ಷನಿಂದ ಕ್ಷಮೆಯನ್ನು ಪಡೆದವರಲ್ಲಿ ಫ್ಲಿಪರನೇ ಮೊದಲಿಗನು.

ಯಾಜ್ಞವಲ್ಕ್ಯಸ್ಮೃತಿಯಲ್ಲಿ ವ್ಯವಹಾರಕ್ಕೂ ಪ್ರಾಯಶ್ಚಿತ್ತಕ್ಕೂ ಬೇರೆಬೇರೆ ಅಧ್ಯಾಯಗಳಿವೆ. ಕೆಟ್ಟದಾಗಿ ತೀರ್ಮಾನವಾದ ವ್ಯಾಜ್ಯವನ್ನು ರಾಜನು ಪುನಃ ನೋಡಿ, ಹಾಗೆ ತೀರ್ಮಾನಿಸಿದ ಸಭ್ಯರನ್ನೇ ದಂಡಿಸಬೇಕೆಂಬ ವಿಧಿಯು ವ್ಯವಹಾರಾಧ್ಯಾಯದಲ್ಲಿದೆ; ಪಾಪವು ಪರಿಹಾರವಾಗುವ ಬಗೆಯು ಪ್ರಾಯಶ್ಚಿತ್ತಾಧ್ಯಾಯದ ವಿಷಯ. ಮೊದಲನೆಯದು ನಿರ್ಣಯವೇ ತಪ್ಪೆನ್ನುತ್ತದೆ. ಎರಡನೆಯದು ತಪ್ಪನ್ನು ಒಪ್ಪಿಕೊಂಡು ಅದರ ಫಲವನ್ನು ಕಳೆಯುತ್ತದೆ. ಈ ವಿವೇಕದಿಂದ ನೋಡಿದರೆ ಫ್ಲಿಪರನ ಪ್ರಕರಣದ ಮರ್ಮವು ತಿಳಿಯುತ್ತದೆ. ಆತನು ಕೇಳಿದ್ದು ಪುನರ್ನ್ಯಾಯ. 1976ರಲ್ಲಿ ದೊರೆತದ್ದು ದಂಡದ ಪರಿವರ್ತನೆ, 1999ರಲ್ಲಿ ದೊರೆತದ್ದು ಕ್ಷಮೆ. ಕ್ಷಮಿಸಬೇಕಾದರೆ ಕ್ಷಮಿಸತಕ್ಕ ದೋಷವೊಂದಿರಬೇಕು. ಆತನು ಸುಳ್ಳಾಡಿದ್ದು ದಿಟವಾದುದರಿಂದ ಆ ಮಟ್ಟಿಗೆ ಕ್ಷಮೆಯು ಸಾರ್ಥಕವೇ ಆಯಿತು. ಆದರೆ ಅಪಹಾರದ ಆಪಾದನೆಯಿಂದ ಮುಕ್ತನಾದ ಮೇಲೂ, ದಂಡವನ್ನು ತಗ್ಗಿಸಬೇಕೆಂಬ ಶಿಫಾರಸು ಕಣ್ಣೆದುರಿಗಿದ್ದರೂ, ಯುವಕನೊಬ್ಬನ ವೃತ್ತಿಯನ್ನು ಪೂರ್ಣವಾಗಿ ಕಿತ್ತುಕೊಂಡದ್ದು ಯುಕ್ತವೆ ಎಂಬ ಪ್ರಶ್ನೆಯನ್ನು ಯಾವ ನ್ಯಾಯಾಸನವೂ ತನ್ನ ಮುಂದೆ ಇಟ್ಟುಕೊಂಡು ಮರುವಿಚಾರಣೆ ನಡೆಸಲಿಲ್ಲ.

ಪತ್ರವನ್ನು ಹಿಂದಿನ ತಾರೀಖಿಗೆ ಬರೆಯಬಹುದು; ಕಳೆದ ವರ್ಷಗಳನ್ನು ಹಿಂದಕ್ಕೆ ತರಲಾಗದು. ಆದರೂ ಇಂತಹ ಬಿನ್ನಹಗಳು ವ್ಯರ್ಥವಲ್ಲ. 1946ರ ಶಾಸನವು ತೆರೆದ ದಾರಿಯಲ್ಲಿ ಅಂದಿನಿಂದ ಅಸಂಖ್ಯಾತ ಯೋಧರು ಬದುಕಿರುವಾಗಲೇ ತಮ್ಮ ಅರ್ಜಿಗಳನ್ನು ಸಲ್ಲಿಸಿದ್ದಾರೆ. ಅವರಿಗೆ ಶಾಸನಸಭೆಯ ಕರುಣೆಯನ್ನು ಕಾಯಬೇಕಾಗಿಲ್ಲ. ಫ್ಲಿಪರನು ಆಯುಷ್ಯದುದ್ದಕ್ಕೂ ಕಾದು ಪಡೆಯದೆ ಹೋದದ್ದು ಈ ಅವಕಾಶವನ್ನೇ.